ವಿಭೂತಿ ಹಚ್ಚಿದ ಹಾರ್ಡ್ ಡಿಸ್ಕು

ಆ ಭಾನುವಾರ ಶೃತಿಯನ್ನು ನೋಡಲು ಚಾಮರಾಜನಗರದಿಂದ ಗಂಡಿನ ಕಡೆಯವರು ಬರುವವರಿದ್ದರು. ಶೃತಿಗೆ ಅವರ ಚಿಂತೆ ಅಷ್ಟಾಗಿ ಇರಲಿಲ್ಲ. ಅವಳ ತಲೆಯಲ್ಲಿ ಕೂತಿದ್ದದ್ದು ಹಾರ್ಡ್ ಡಿಸ್ಕು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಟೊಮ್ಯಾಟೊ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಗಳು ವಿನಾಕಾರಣ ಹಾರನ್ ಹೊಡೆಯುವ ತಿರುವಿನಲ್ಲಿ ಅವಳ ಡಿಟಿಪಿ ಅಂಗಡಿ. ಅಂಗಡಿ ಎಂದರೆ ಬೇರೇನಲ್ಲ, ಮನೆಯ ಮುಂದಿನ ಕೋಣೆಯೇ. ಊರಿನ ಅರ್ಧ ಲಗ್ನಪತ್ರಿಕೆಗಳು ಹುಟ್ಟುತ್ತಿದ್ದದ್ದು ಅಲ್ಲೇ. ಚಾಮರಾಜನಗರ ಜಿಲ್ಲೆಯಾಗಿ ವರ್ಷ ಕಳೆದಿತ್ತು, 'ಮೈಸೂರು ಜಿಲ್ಲೆ' ಎಂದು ಅಚ್ಚಾಗಿದ್ದ ಲೆಟರ್‌ಹೆಡ್ಡು, ಬಿಲ್ ಬುಕ್ಕು, ಬೋರ್ಡುಗಳನ್ನೆಲ್ಲ ಜನ ಒಬ್ಬೊಬ್ಬರಾಗಿ ಬದಲಾಯಿಸುತ್ತಿದ್ದರು. ಒಂದು ತಾಲ್ಲೂಕು ಜಿಲ್ಲೆ ಬದಲಿಸಿದರೆ ಎಷ್ಟು ಕಾಗದ ಹಾಳಾಗುತ್ತದೆ ಎಂಬುದು ಶೃತಿಯಷ್ಟು ಚೆನ್ನಾಗಿ ಜಿಲ್ಲಾಧಿಕಾರಿಗಳಿಗೂ ಗೊತ್ತಿರಲಿಕ್ಕಿಲ್ಲ. ಆ ಹಾಳಿನಲ್ಲೇ ಅವಳ ಬಾಳು ನಡೆಯುತ್ತಿತ್ತು.

ಕಂಪ್ಯೂಟರ್ ಮಾತ್ರ ಹಳೆಯದು. ಡಾಸ್ ಮೇಲೆ ಕುಂಟಿಕೊಂಡು ಓಡುವ ಹಳೆಯ ವಿಂಡೋಸು, ಡಬ್ಬಿಯೊಳಗಿನ ಡಿಸ್ಕಂತೂ ಕಂಠಪೂರ್ತಿ ತುಂಬಿತ್ತು. ಹೊಸ ಮದುವೆಯೊಂದನ್ನು ಒಳಗೆ ಸೇರಿಸಬೇಕಾದರೆ ಹಳೆಯ ಮದುವೆಯೊಂದನ್ನು ಅಳಿಸಬೇಕು. ಹೊಸ ವಿಂಡೋಸ್ ಹಾಕಿಸೋಣವೆಂದರೆ ಅವಳ ಕನ್ನಡ ಅಕ್ಷರಗಳ ಸಾಫ್ಟ್‌ವೇರು ಅದರ ಜೊತೆ ಮಾತೇ ಆಡುವುದಿಲ್ಲ. ಹಾಗಾಗಿ ಅವಳು ಮೈಸೂರಿಗೆ ಹೋಗಿ, ಇದ್ದಬದ್ದದ್ದನ್ನೆಲ್ಲ ಸುರಿದು ನಾಲ್ಕು ಜಿಬಿಯ ಹೊಸ ಡಿಸ್ಕು ತಂದಳು. ಅಂಗಡಿಯವನು ಒಂದು ಫ್ಲಾಪಿಯನ್ನೂ ಜೊತೆಗೆ ಕೊಟ್ಟು, "ಹಾಕಿ ಮೇಡಂ, ಯಾವ ಮೆಷಿನ್ನಿಗಾದ್ರೂ ಆಗುತ್ತೆ" ಅಂದಿದ್ದ. ಮಾರುವವನ ಬಾಯಲ್ಲಿ ಯಾವುದು ತಾನೇ ಆಗುವುದಿಲ್ಲ?

ಡಿಸ್ಕು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಮನೆಗೆ ಬಂದ ಹೊಸ ಕಬ್ಬಿಣ ಯಾವುದೇ ಆಗಲಿ, ಪೂಜೆಯಿಲ್ಲದೆ ಮುಟ್ಟಬಾರದು ಎಂಬುದು ಅಜ್ಜಿ ಮಲ್ಲಾಜಮ್ಮನ ಕಾನೂನು. ಉಮ್ಮತ್ತೂರಿನಲ್ಲಿದ್ದ ಕಾಲದಿಂದಲೂ ನೇಗಿಲಿನ ಕುಳಕ್ಕೆ, ಕುಡುಗೋಲಿಗೆ, ಮಗ ದೊರೆಸ್ವಾಮಿಯ ಸೈಕಲ್ಲಿಗೆ, ಆಮೇಲೆ ಅವನ ಲೂನಾಕ್ಕೆ ಪೂಜೆ ಮಾಡಿದ ಕೈ ಅದು. ಡಿಸ್ಕನ್ನೂ ಕುಡುಗೋಲಿನ ಪಕ್ಕದಲ್ಲಿಟ್ಟು, ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಲ್ಲಿ ಅಡ್ಡಡ್ಡ ಬಳಿದು, ನಡುವೆ ಗಂಧ ಕುಂಕುಮ ಇಟ್ಟು ಕರ್ಪೂರ ಹಚ್ಚಿದಳು. "ಈಬೂತಿ ತಾನಾಗೇ ಉದುರ್ಬೇಕು ಕಣಮ್ಮಿ, ನಾವಾಗಿ ಒರಸ್ಬಾರ್ದು" ಎಂದು ಅಪ್ಪಣೆ ಬೇರೆ.

ಪೂಜೆಗೇನೂ ಕೊರತೆಯಾಗಲಿಲ್ಲ. ಆದರೆ ಡಿಸ್ಕನ್ನು ಹಾಕಿ ಸ್ವಿಚ್ ಒತ್ತಿದರೆ ಕಂಪ್ಯೂಟರ್ ಎದ್ದು, ಮೆಮೊರಿ ಎಣಿಸಿ, ಡಿಸ್ಕನ್ನು ಹುಡುಕತೊಡಗಿ, ಅಲ್ಲೇ ಕಲ್ಲಾಗಿ ನಿಂತುಬಿಡುತ್ತಿತ್ತು. ಹಳೆಯ ಡಿಸ್ಕನ್ನೇ ವಾಪಸು ಹಾಕಿದರೆ ಏನೂ ಆಗಿಲ್ಲದ ಹಾಗೆ ನಡೆಯುತ್ತಿತ್ತು. ಎಸ್‌ಟಿಡಿ ಬೂತಿನಿಂದ ಮೈಸೂರಿಗೆ ಫೋನ್ ಮಾಡಿದರೆ, "ನಿಮ್ಮ ಮೆಷಿನ್ ಹಳೇದು ಮೇಡಂ, ಅದನ್ನೇ ಬದಲಾಯ್ಸಿ" ಎಂಬ ಉತ್ತರ. ಶೃತಿಗೆ ಸಿಟ್ಟು ಬಂತು. ಹಳೆಯದಾದ ಮಾತ್ರಕ್ಕೆ ಬದಲಾಯಿಸುವುದಾದರೆ ಮನೆಯಲ್ಲಿ ಅಜ್ಜಿಯಿಂದ ಶುರು ಮಾಡಬೇಕಾಗುತ್ತದೆ.

ಅವಳು ಹೀಗೆ ತಲೆ ಕೆಡಿಸಿಕೊಂಡು ಕೂತಿದ್ದಾಗಲೇ ಅಪ್ಪ ದೊರೆಸ್ವಾಮಿ ಕೋಣೆಗೆ ಬಂದರು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರು, ಬಂಡೀಪುರದ ಆನೆಗಳ ಬಗ್ಗೆ ದಿನವಿಡೀ ಬರೆದರೂ ಒಂದು ಆನೆಯನ್ನೂ ಹತ್ತಿರದಿಂದ ಕಂಡವರಲ್ಲ. ಹೆದರಿಕೆ ಅವರ ಸ್ವಭಾವ, ಮಗಳ ವಿಷಯದಲ್ಲಂತೂ ಇನ್ನೂ ಹೆಚ್ಚು. ಇದಕ್ಕೆ ಮುಂಚೆ ಬಂದಿದ್ದ ಎರಡು ಸಂಬಂಧಗಳಲ್ಲಿ ಒಂದು, "ಹುಡುಗಿ ಅಂಗಡಿ ಮೇಲೆ ಕೂರ್ತಾಳೆ, ಬಾಯಿ ಜೋರು" ಎಂದು ಹಿಂದೆ ಸರಿದಿತ್ತು. ಇನ್ನೊಂದು ಕಂಪ್ಯೂಟರನ್ನು ವರೋಪಚಾರದಲ್ಲಿ ಸೇರಿಸಿ, ಹುಡುಗಿ ಮಾತ್ರ ಅದನ್ನು ಮುಟ್ಟಬಾರದು ಎಂದಿತ್ತು.

"ನೋಡವ್ವ, ಏನ್ ಬತ್ತದೆ ಅಂತ ಅವ್ರು ಕೇಳಿದ್ರೆ, ಸ್ವಲ್ಪ ಟೈಪಿಂಗ್ ಬತ್ತದೆ ಅನ್ನು ಸಾಕು. ಅಂಗಡಿ ಗಿಂಗಡಿ ಅನ್ನಕೋಗ್ಬೇಡ. ಅವ್ರ ಮನೆ ಹೆಣ್ಮಕ್ಳು ಯಾರೂ ಅಂಗಡಿ ಮೇಲೆ ಕೂತಿಲ್ವಂತೆ, ಸಂಬಂಧ ತಂದ ನಾಗಯ್ಯ ಹೇಳವ್ನೆ."

"ಆಮೇಲೆ ಗೊತ್ತಾದ್ರೆ ಏನಪ್ಪಾ ಮಾಡೋದು?"

"ಒಂದ್ಸಲ ಮನೆ ಒಳಕ್ಕೆ ಸೇರ್ಕಂಡ್ಮೇಲೆ ನಿಧಾನಕ್ಕೆ ಹೇಳ್ಕಂಡ್ರಾಯ್ತು. ಈಗ ಇದ್ರ ಮೇಲೊಂದು ಬಟ್ಟೆ ಹೊದಿಸ್ಬುಡು. ಮದುವೆ ಆದ್ಮೇಲೆ ಯಾರಾದ್ರೂ ಕೊಂಡ್ಕೋತಾರೆ."

ಕೊನೆಯ ಮಾತನ್ನು ಅಪ್ಪ ಹಳೆಯ ಪಾತ್ರೆಯ ವಿಷಯ ಹೇಳಿದಷ್ಟು ಹಗುರವಾಗಿ ಹೇಳಿ ಹೋದರು. ನಿಜ ಹೇಳಬೇಕೆಂದರೆ ಈ ಸಂಬಂಧ ಕೂಡಿ ಬರಲಿ ಎಂಬ ಆಸೆ ಶೃತಿಗೂ ಇತ್ತು. ಹುಡುಗನ ಫೋಟೊ ನೋಡಿ ಹುಟ್ಟಿದ ಆಸೆಯಲ್ಲ ಅದು, ಊರು ನೋಡಿ ಹುಟ್ಟಿದ್ದು. ಹೊಸ ಜಿಲ್ಲಾ ಕೇಂದ್ರ, ದಿನಕ್ಕೊಂದು ಕಚೇರಿ, ಕಚೇರಿಗೆ ಹತ್ತು ಬಗೆಯ ಕಾಗದ. ಈ ಕಂಪ್ಯೂಟರನ್ನು ಹೊತ್ತುಕೊಂಡು ಚಾಮರಾಜನಗರದ ಯಾವುದಾದರೂ ಬೀದಿಯಲ್ಲಿ ಕೂತರೆ ತಲೆ ಎತ್ತಲು ಪುರಸೊತ್ತು ಸಿಗಲಾರದು ಎಂದು ಲೆಕ್ಕ ಹಾಕಿದ್ದಳು. ಆ ಲೆಕ್ಕವನ್ನು ಯಾರಿಗೂ ಹೇಳಿರಲಿಲ್ಲ. ಈಗ ಅದರ ಮೇಲೆ ತಾನೇ ಹಳೆಯ ಬೆಡ್‌ಶೀಟೊಂದನ್ನು ಹೊದಿಸಿ, ಸೀರೆ ಉಡಲು ಒಳಗೆ ಹೋದಳು.

ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ ಮೂವರು ಬಂದಿಳಿದರು. ಹುಡುಗ ಮಲ್ಲಿಕಾರ್ಜುನಸ್ವಾಮಿ, ಅವನ ತಾಯಿ ಸುಂದ್ರಮ್ಮ, ಮತ್ತು ಎರಡೂ ಮನೆಗೆ ದೂರದ ನೆಂಟನಾಗಿದ್ದು ಈ ಸಂಬಂಧವನ್ನು ಕುದುರಿಸುತ್ತಿದ್ದ ಚಂದಕವಾಡಿಯ ನಾಗಯ್ಯ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಾಗಯ್ಯ ವೇದವಾಕ್ಯದಂತೆ ನಂಬಿದ್ದವನು. ಸಾವಿರಕ್ಕೆ ಒಂದೂ ಕಡಿಮೆಯಾಗದಂತೆ ನೋಡಿಕೊಳ್ಳುತ್ತಿದ್ದ.

"ಹುಡ್ಗ ಕಂಪ್ಯೂಟರ್ ಇಂಜಿನಿಯರು ಕಣ ದೊರೆಸ್ವಾಮಿ," ಎಂದು ಚಾಪೆಯ ಮೇಲೆ ಕೂರುವ ಮೊದಲೇ ಶುರು ಮಾಡಿದ. "ಡಿಸಿ ಆಪೀಸ್ನಾಗೆ ಒಂದು ಮಿಸಿನ್ನು ಕೆಮ್ಮಿದ್ರೂ ಇವನ್ನೇ ಕರೀಬೇಕು."

ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಶೃತಿ ಆ ಮಾತು ಕೇಳಿ ಮೊದಲ ಸಲ ತಲೆಯೆತ್ತಿ ಹುಡುಗನನ್ನು ನೋಡಿದಳು. ಅವಳ ಕಣ್ಣು ಫಳ್ಳನೆ ಹೊಳೆದದ್ದನ್ನು ಕಂಡು ನಾಗಯ್ಯ ದೊರೆಸ್ವಾಮಿಯ ತೊಡೆ ಚಿವುಟಿದ. ಪಾಪ, ಅವಳು ನೋಡಿದ್ದು ಗಂಡನ್ನಲ್ಲ, ಡಿಸ್ಕು ರಿಪೇರಿಯವನನ್ನು. ಹುಡುಗ ಮಾತ್ರ ಆ ಹೊಗಳಿಕೆಗೆ ಕಿವಿಯ ತನಕ ಕೆಂಪಾಗಿ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುತ್ತಿದ್ದ.

ಸುಂದ್ರಮ್ಮ ಮಾತು ಕಡಿಮೆಯ ಹೆಂಗಸು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದರು. "ಏನೇನ್ ಬತ್ತದವ್ವ ನಿಂಗೆ?"

ಅಪ್ಪನ ಕಣ್ಣು ಮಗಳ ಮೇಲೇ ನೆಟ್ಟಿತ್ತು.

"ಸ್ವಲ್ಪ ಟೈಪಿಂಗ್ ಬತ್ತದೆ," ಅಂದಳು ಶೃತಿ. ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಎಲ್ಲರೂ ಅದನ್ನು ಹೆಣ್ಣಿಗೆ ಒಪ್ಪುವ ನಾಚಿಕೆ ಎಂದೇ ತಿಳಿದು ಮೆಚ್ಚಿಕೊಂಡರು.

ಆಮೇಲೆ ಹುಡುಗ ಹುಡುಗಿ ಒಂದೆರಡು ಮಾತಾಡಲಿ ಎಂದು ನಾಗಯ್ಯ ದೊಡ್ಡ ಮನಸ್ಸು ಮಾಡಿದ. ಇಬ್ಬರನ್ನೂ ಮುಂದಿನ ಕೋಣೆಗೆ ಕಳಿಸಿ, ಬಾಗಿಲು ತೆರೆದೇ ಇಟ್ಟರು. ಒಳಗೆ ಬಂದವನೇ ಮಲ್ಲಿಕಾರ್ಜುನಸ್ವಾಮಿ ಬೆಡ್‌ಶೀಟು ಹೊದ್ದು ಕೂತ ಗುಡ್ಡೆಯನ್ನು ನೋಡಿದ. ಮಾತಿಗೆ ಹೊಸದಾಗಿ ಏನು ಹುಡುಕುವುದು ಎಂದು ಶೃತಿ ನೇರವಾಗಿ ಕೇಳಿಬಿಟ್ಟಳು.

"ನೀವು ಇಂಜಿನಿಯರ್ ಅಂತಲ್ಲ, ಒಂದು ಹಾರ್ಡ್ ಡಿಸ್ಕ್ ತೋರಿಸ್ಲಾ?"

ಹುಡುಗ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಇಂಜಿನಿಯರ್ ಅಲ್ಲ ರೀ. ಡಿಸಿ ಆಫೀಸಲ್ಲಿ ಡೇಟಾ ಎಂಟ್ರಿ, ಅದೂ ಕಾಂಟ್ರಾಕ್ಟ್ ಮೇಲೆ. ಮೆಷಿನ್ ಕೆಟ್ರೆ ಮೈಸೂರಿಗೆ ಫೋನ್ ಮಾಡೋದು ನನ್ ಕೆಲ್ಸ. ನಾಗಯ್ಯಮಾವ ಅದನ್ನೇ ಇಂಜಿನಿಯರ್ ಮಾಡ್ಬುಟ್ಟವ್ರೆ."

ಶೃತಿಗೆ ನಿರಾಸೆಯಾಗಬೇಕಿತ್ತು. ಅದರ ಬದಲು ನಗು ಬಂತು. ಗೊತ್ತಿಲ್ಲ ಎನ್ನಲು ಒಂದು ಗಳಿಗೆಯೂ ತಡಮಾಡದ ಗಂಡಸನ್ನು ಅವಳು ಈವರೆಗೆ ಕಂಡಿರಲಿಲ್ಲ. ಅವಳ ಗಿರಾಕಿಗಳಲ್ಲಿ ಕಂಪ್ಯೂಟರ್ ಮುಟ್ಟಿಯೂ ನೋಡದವರೇ ಅವಳಿಗೆ ಕಂಪ್ಯೂಟರ್ ಪಾಠ ಹೇಳಿ ಹೋಗುತ್ತಿದ್ದರು.

"ನಂಗೂ ಬರೋದು ಬರೀ ಟೈಪಿಂಗ್ ಅಲ್ಲ," ಅಂದಳು.

"ಅದು ಗೋಡೆ ನೋಡಿದ್ರೆ ಗೊತ್ತಾಗುತ್ತೆ," ಅಂದ ಅವನು. ಕಂಪ್ಯೂಟರಿಗೆ ಬಟ್ಟೆ ಹೊದಿಸಿದ ಅಪ್ಪ ಮಗಳು ಗೋಡೆಯನ್ನೇ ಮರೆತಿದ್ದರು. ಗೋಡೆಯ ತುಂಬ ಅಂಟಿಸಿದ್ದ ಲಗ್ನಪತ್ರಿಕೆ, ಕರಪತ್ರ, ಲೆಟರ್‌ಹೆಡ್ಡಿನ ಮಾದರಿಗಳ ಕೆಳಗೆಲ್ಲ ಅಂಗಡಿಯ ಹೆಸರಿತ್ತು.

ಬೆಡ್‌ಶೀಟು ಕೆಳಗಿಳಿಯಿತು. ಶೃತಿ ಡಬ್ಬಿಯ ಮುಚ್ಚಳ ಬಿಚ್ಚಿ, ಹಳೆಯ ಡಿಸ್ಕು ತೆಗೆದು ಹೊಸದನ್ನು ಸಿಕ್ಕಿಸಿ ಸ್ವಿಚ್ ಒತ್ತಿದಳು. ಕಂಪ್ಯೂಟರ್ ಎಂದಿನಂತೆ ಎದ್ದು, ಎಂದಿನ ಜಾಗದಲ್ಲೇ ಕಲ್ಲಾಯಿತು. ಮಲ್ಲಿಕಾರ್ಜುನಸ್ವಾಮಿ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ.

"ಇದು ಕೆಟ್ಟಿಲ್ಲ. ಡಿಸ್ಕನ್ನ ಎಣಿಸೋಕೆ ಹೋಗಿ ನಿಂತೋಯ್ತದೆ. ನೂರರ ಗಂಟ ಎಣಿಸೋಕೆ ಬರೋ ಮಗೂಗೆ ಸಾವಿರ ಎಣಿಸು ಅಂದಂಗೆ. ನಮ್ಮ ಆಫೀಸಲ್ಲೂ ಇಂಗೇ ಆಗಿತ್ತು. ಮೈಸೂರಿಂದ ಬಂದೋರು ಡಿಸ್ಕಿನ ಹಿಂದಿರೋ ಸೂಜಿಗಳಿಗೆ ಒಂದು ಸಣ್ಣ ಟೋಪಿ ಹಾಕಿದ್ರು. ಆ ಟೋಪಿ ಹಾಕಿದ್ರೆ ಡಿಸ್ಕು ತಾನು ಚಿಕ್ಕೋನು ಅಂತ ಸುಳ್ಳು ಹೇಳುತ್ತಂತೆ. ಮೆಷಿನ್ ಒಪ್ಕತದೆ."

"ಯಾವ ಸೂಜಿಗೆ?"

"ಅದು ಒಂದೊಂದ್ ಡಿಸ್ಕಲ್ಲಿ ಒಂದೊಂದ್ ಥರ. ಮೇಲಿರೋ ಲೇಬಲ್ಲಲ್ಲಿ ಚಿತ್ರ ಇರುತ್ತೆ."

ಇಬ್ಬರೂ ಲೇಬಲ್ ನೋಡಿದರು. ಲೇಬಲ್ ಎಲ್ಲಿದೆ? ಇದ್ದದ್ದು ಅಜ್ಜಿಯ ಮೂರು ಬೆರಳಿನ ವಿಭೂತಿ, ಒಣಗಿ ಗಾರೆಯಂತೆ ಗಟ್ಟಿಯಾಗಿ. ಅದರ ಸಂದಿಯಲ್ಲಿ ಚಿತ್ರದ ಒಂದು ಮೂಲೆ ಇಣುಕುತ್ತಿತ್ತು. ಇಷ್ಟು ದಿನ ಉತ್ತರ ಡಿಸ್ಕಿನ ನೆತ್ತಿಯ ಮೇಲೇ ಇತ್ತು, ಅವಳು ಮಾತ್ರ ಅದಕ್ಕೆ ಕೈಮುಗಿದು ಎತ್ತಿಡುತ್ತಿದ್ದಳು.

"ಒರಸ್ಬುಡನಾ?" ಅಂದ ಮಲ್ಲಿಕಾರ್ಜುನಸ್ವಾಮಿ, ಮತ್ತೆ ತಾನೇ ಕೈ ಹಿಂದಕ್ಕೆಳೆದುಕೊಂಡ. ದೇವರ ವಿಭೂತಿ ಒರೆಸುವ ಧೈರ್ಯ ಅವನಿಗೂ ಇರಲಿಲ್ಲ, ಅದೂ ಹೆಣ್ಣು ನೋಡಲು ಬಂದ ದಿನ. ಕೊನೆಗೆ ಶೃತಿ ಬಾಗಿಲಿಗೆ ಹೋಗಿ ಅಜ್ಜಿಯನ್ನು ಕರೆದಳು.

ಮಲ್ಲಾಜಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ವಿಷಯ ಕೇಳಿದಳು. ಬಯ್ಯುತ್ತಾಳೆಂದು ಇಬ್ಬರೂ ಕಾದಿದ್ದರು.

"ಅದ್ರ ಬಾಯ್ನೇ ನಾನು ಮುಚ್ಬುಟ್ಟಿದ್ನಾ? ಮೊದ್ಲೇ ಏಳಬಾರ್ದಾ ಕಣಮ್ಮಿ. ಮಾಡ್ದವ್ಳು ನಾನು, ನಾನೊರಸಿದ್ರೆ ದೇವ್ರೇನು ಅನ್ಕಳಕಿಲ್ಲ ಬುಡು."

ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿ, ಮಗುವಿನ ಮುಖ ಒರೆಸಿದಂತೆ ಲೇಬಲ್ ಒರೆಸಿದಳು. ಆದರೆ ಒರೆಸಿದ ವಿಭೂತಿಯನ್ನು ನೆಲಕ್ಕೆ ಹಾಕುವಂತಿಲ್ಲವಲ್ಲ. ಬೆರಳಿಗಂಟಿದ್ದನ್ನು ಮೊದಲು ಮೊಮ್ಮಗಳ ಹಣೆಗೆ ಹಚ್ಚಿದಳು, ಉಳಿದದ್ದನ್ನು ಎದುರಿಗಿದ್ದ ಹುಡುಗನ ಹಣೆಗೆ ಬಳಿದಳು.

ಇಣುಕುವುದರಲ್ಲಿ ಪಳಗಿದ್ದ ನಾಗಯ್ಯ ಅದೇ ಹೊತ್ತಿಗೆ ಬಾಗಿಲಲ್ಲಿ ಕುತ್ತಿಗೆ ಚಾಚಿದ್ದ. ಒಂದೇ ಕೈಯ ವಿಭೂತಿ ಇಬ್ಬರ ಹಣೆಯ ಮೇಲೂ ಕಂಡಿತು. ಅವನಿಗೆ ಇನ್ನೇನು ಬೇಕು? ಓಡಿ ಬಂದು ನಡುಮನೆಯಲ್ಲಿ ಸಾರಿದ. "ಮುಗೀತು ಕಣ ದೊರೆಸ್ವಾಮಿ. ಅಜ್ಜಿ ಇಬ್ರಿಗೂ ಈಬೂತಿ ಇಕ್ಕಿ ಆಶೀರ್ವಾದ ಮಾಡ್ಬುಟ್ರು. ಬೆಲ್ಲ ತರಾಕೇಳು."

ಇತ್ತ ಕೋಣೆಯಲ್ಲಿ ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಟೋಪಿ ತೊಗರಿಕಾಳಿನಷ್ಟು ದೊಡ್ಡದು, ಡಿಸ್ಕಿನ ಹಿಂಭಾಗದಲ್ಲೇ ಬೇರೆ ಸೂಜಿಗಳ ಮೇಲೆ ಕೂತಿತ್ತು. ಶೃತಿ ಅದನ್ನು ಹುಬ್ಬು ಕೀಳುವ ಚಿಮಟದಿಂದ ಎತ್ತಿ, ಚಿತ್ರದಲ್ಲಿ ತೋರಿಸಿದ ಎರಡು ಸೂಜಿಗಳಿಗೆ ತೊಡಿಸಿದಳು. ಸ್ವಿಚ್ ಒತ್ತಿದಳು. ಕಂಪ್ಯೂಟರ್ ಎದ್ದಿತು, ಎಣಿಸಿತು, ಕಲ್ಲಾಗಬೇಕಾದ ಜಾಗ ದಾಟಿ ಮುಂದೆ ಹೋಯಿತು. ನಾಲ್ಕು ಜಿಬಿಯನ್ನು ಎರಡು ಜಿಬಿ ಎಂದು ತಿಳಿದುಕೊಂಡು ಸಂತೋಷವಾಗಿತ್ತು.

"ಅರ್ಧಕ್ಕರ್ಧ ಹೋಯ್ತಲ್ಲ," ಅಂದಳು ಶೃತಿ.

"ಅದಕ್ಕೇ ಆ ಫ್ಲಾಪಿ ಕೊಟ್ಟಿರೋದು. ಒಳಕ್ಕೆ ಸೇರಿಸ್ಕಂಡ ಮೇಲೆ ಅದು ಡಾಸ್‌ಗೆ ನಿಜ ಹೇಳುತ್ತೆ."

ಫ್ಲಾಪಿ ಗರಗರ ಎಂದು ತನ್ನ ಕೆಲಸ ಮಾಡಿತು. ಡಾಸ್‌ಗೆ ಒಂದೇ ಗುಕ್ಕಿಗೆ ಅಷ್ಟನ್ನೂ ನುಂಗಲು ಬಾರದ್ದರಿಂದ ಡಿಸ್ಕನ್ನು ಮೂರು ತುಂಡು ಮಾಡಿ ಬಡಿಸಿತು. ಸಿ, ಡಿ, ಇ ಎಂದು ಮೂರು ಅಕ್ಷರಗಳು ಪರದೆಯ ಮೇಲೆ ಒಂದರ ಕೆಳಗೊಂದು ಬಂದು ನಿಂತಾಗ ಶೃತಿಗೆ ಕುಣಿದುಬಿಡುವಷ್ಟು ಖುಷಿಯಾಯಿತು. ಇನ್ನು ಯಾರ ಮದುವೆಯನ್ನೂ ಅಳಿಸಬೇಕಾಗಿಲ್ಲ.

ಆಗ ಫ್ಲಾಪಿಯ ಪ್ರೋಗ್ರಾಮು ಹೋಗುವ ಮುನ್ನ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ಶೃತಿ ಅದನ್ನು ನಿಧಾನವಾಗಿ ಓದಿದಳು. ಇನ್ನು ಮುಂದೆ ಕಂಪ್ಯೂಟರ್ ಎದ್ದಾಗಲೆಲ್ಲ ಎಲ್ಲಕ್ಕಿಂತ ಮೊದಲು ಈ ಪ್ರೋಗ್ರಾಮು ಎದ್ದು, ಡಿಸ್ಕು ನಿಜವಾಗಿ ಎಷ್ಟು ದೊಡ್ಡದೆಂದು ವಿವರಿಸಬೇಕು. ಯಾರಾದರೂ ಇದನ್ನು ಬಿಟ್ಟು ಬೇರೆ ದಾರಿಯಲ್ಲಿ ಕಂಪ್ಯೂಟರನ್ನು ಎಬ್ಬಿಸಿದರೆ ಒಳಗಿರುವುದೊಂದೂ ಕಾಣಿಸುವುದಿಲ್ಲ.

"ಅಂದ್ರೆ ದಿನಾ ಬೆಳಿಗ್ಗೆ ಸುಳ್ಳು ಹೇಳ್ಬೇಕು, ಆಮೇಲೆ ದಿನಾ ಅದನ್ನ ಸರಿ ಮಾಡ್ಬೇಕು," ಅಂದಳು.

"ಮೆಷಿನ್ನಿಗೇನು ರೀ, ಬೇಜಾರಾಗಲ್ಲ."

ಅವನು ಸುಮ್ಮನೆ ಹೇಳಿದ ಮಾತು. ಆದರೆ ಶೃತಿ ಚಿಮಟವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಳು. ಒಳಕ್ಕೆ ಸೇರ್ಕಂಡ್ಮೇಲೆ ನಿಧಾನಕ್ಕೆ ಹೇಳ್ಕಂಡ್ರಾಯ್ತು, ಅಂದಿದ್ದರು ಅಪ್ಪ. ಯಾವಾಗ ಹೇಳುವುದು? ಒಲೆ ಹಚ್ಚುವ ಮೊದಲೋ, ಹಚ್ಚಿದ ಮೇಲೋ? ಇವತ್ತು ಒಂದು ಸಲ ಹೇಳಿ ಮುಗಿಸಬಹುದಾದದ್ದನ್ನು ಬಾಳಿಡೀ ಪ್ರತಿ ಬೆಳಿಗ್ಗೆ ಹೇಳಿಕೊಂಡು ಕೂರುವುದು ತನ್ನಿಂದ ಆಗದು ಎಂದು ಅವಳಿಗೆ ಖಚಿತವಾಯಿತು. ಖಚಿತವಾದೊಡನೆ ಹೆದರಿಕೆಯೂ ಆಯಿತು. ಈ ಸಂಬಂಧವೂ ತಪ್ಪಿದರೆ ಅಪ್ಪ ತಿಂಗಳುಗಟ್ಟಲೆ ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ, ಚಾಮರಾಜನಗರವೂ ಕೈತಪ್ಪುತ್ತದೆ.

ನಡುಮನೆಗೆ ಬಂದರೆ ಅಲ್ಲಿ ಆಗಲೇ ಹಬ್ಬ. ತಟ್ಟೆಯಲ್ಲಿ ಬೆಲ್ಲ, ಎಲೆಅಡಿಕೆ. ನಾಗಯ್ಯ ಮದುವೆಗೆ ತಿಂಗಳು ಹೇಳುತ್ತಿದ್ದ, ದೊರೆಸ್ವಾಮಿ ಎಷ್ಟೋ ದಿನಗಳ ಮೇಲೆ ಹಲ್ಲು ತೋರಿಸಿ ನಗುತ್ತಿದ್ದರು.

"ಅಷ್ಟೊತ್ತು ಏನ್ ಮಾಡ್ತಿದ್ರಪ್ಪ?" ಎಂದು ಸುಂದ್ರಮ್ಮ ಮಗನನ್ನು ಕೇಳಿದರು.

"ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿದ್ವಿ ಕಣವ್ವ. ನಾನು ಪಕ್ಕದಲ್ಲಿ ನಿಂತಿದ್ದೆ, ಹಾಕಿದ್ದು ಅವ್ರೇ."

ದೊರೆಸ್ವಾಮಿಯ ನಗು ಅರ್ಧಕ್ಕೇ ನಿಂತಿತು. "ಅಯ್ಯೋ, ಅದು ಟೈಂಪಾಸ್‌ಗೆ ಅಂತ ಇಟ್ಕಂಡಿರೋದು ಕಣಮ್ಮ. ಮದುವೆ ಆಯ್ತಿದ್ದಂಗೆ ಮಾರ್ಬುಡ್ತೀವಿ."

"ಮಾರಲ್ಲ ಅಪ್ಪ," ಅಂದಳು ಶೃತಿ. ಸುಂದ್ರಮ್ಮನ ಕಡೆ ತಿರುಗಿದಳು. "ಅತ್ತೆ ಅನ್ನಬೋದೋ ಇಲ್ವೋ ಗೊತ್ತಿಲ್ಲ. ನಾನು ಆಗ್ಲೇ ಕಮ್ಮಿ ಹೇಳ್ದೆ. ನಂಗೆ ಬರೋದು ಸ್ವಲ್ಪ ಟೈಪಿಂಗ್ ಅಲ್ಲ. ಮುಂದಿನ ರೂಮು ನನ್ ಅಂಗಡಿ, ಅದನ್ನ ನಡೆಸ್ತಿರೋಳು ನಾನೇ. ಈ ಊರಿನ ಲಗ್ನಪತ್ರಿಕೆ ಮಾಡೋಳೂ ನಾನೇ. ನಿಮ್ಮನೇಗೆ ನಾನ್ ಬಂದ್ರೆ ಕಂಪ್ಯೂಟರೂ ಬತ್ತದೆ, ಅದರ ಟೇಬಲ್ಲೂ ಬತ್ತದೆ, ಅಂಗಡಿ ಬೋರ್ಡೂ ಬತ್ತದೆ. ಅದಕ್ಕೆಲ್ಲ ಜಾಗ ಇಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ, ನಂಗೆ ಬೇಜಾರಿಲ್ಲ."

ಬೇಜಾರಿಲ್ಲ ಎಂಬುದೊಂದು ಮಾತ್ರ ಸುಳ್ಳು. ಅವಳಿಗೆ ಈಗ ಊರು ಮಾತ್ರವಲ್ಲ, ಗೊತ್ತಿಲ್ಲ ಎಂದು ಒಪ್ಪಿಕೊಂಡು ಪಕ್ಕದಲ್ಲಿ ನಿಂತ ಆ ಹುಡುಗನೂ ಬೇಕೆನಿಸಿದ್ದ.

ನಾಗಯ್ಯನ ಕೈಯಲ್ಲಿದ್ದ ಬೆಲ್ಲ ಬಾಯಿಯ ಹತ್ತಿರವೇ ನಿಂತಿತು. ದೊರೆಸ್ವಾಮಿ ನೆಲ ನೋಡಿದರು. ಅಜ್ಜಿ ಮಾತ್ರ ಗೋಡೆಗೊರಗಿ ಎಲೆಗೆ ಸುಣ್ಣ ಸವರುತ್ತಿದ್ದಳು. ಹೊರಗೆ ಲಾರಿಯೊಂದು ಹಾರನ್ ಹೊಡೆದುಕೊಂಡು ಹೋಯಿತು.

ಸುಂದ್ರಮ್ಮ ಹುಡುಗಿಯನ್ನು ಮೇಲಿನಿಂದ ಕೆಳಗಿನ ತನಕ ಇನ್ನೊಮ್ಮೆ ನೋಡಿದರು. ಮೊದಲ ಸಲ ನೋಡಿದ್ದಕ್ಕಿಂತ ಈಗ ಹೆಚ್ಚು ಹೊತ್ತು ಹಿಡಿಯಿತು.

"ನಮ್ ಮನೇಲಿ ಯಾವ ಹೆಣ್ಮಗ್ಳೂ ಅಂಗಡಿ ಮೇಲೆ ಕೂತಿಲ್ಲ ಕಣವ್ವ," ಅಂದರು.

ತನ್ನ ಕೈಯಲ್ಲಿ ಇನ್ನೂ ಚಿಮಟ ಇರುವುದನ್ನು ಶೃತಿ ಆಗ ಕಂಡಳು.

"ಕೂತ್ಕತೀನಿ ಅಂತ ಇದುವರ್ಗೂ ಯಾರೂ ಕೇಳಿದ್ದೂ ಇಲ್ಲ." ಸುಂದ್ರಮ್ಮ ಎಲೆಅಡಿಕೆಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬೀದಿ ಕಡೆ ರೂಮೊಂದು ಅದೆ, ಚಿಕ್ಕದು. ಎಷ್ಟುದ್ದ ಅದೆ ನಿನ್ ಟೇಬ್ಲು?"

ಶೃತಿ ಚಿಮಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ತೋರಿಸಿದಳು. ನಿಜವಾದ ಮೇಜಿಗಿಂತ ಒಂದು ಗೇಣು ಹೆಚ್ಚೇ ತೋರಿಸಿದಳು.